ಹೆಂಗಸರ ಬಾಗಿಲಲ್ಲಿ ನಿಂತು ಕಂಡ ಸಿನಿಮಾ

ನನ್ನ ತಂಗಿಯ ಮೊಮ್ಮಗಳು ರೇಖಾ ಬೆಳಗಾವಿಯ ಹೊಸ ಥೇಟರಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಟಿಕೆಟ್ ನೋಡಿ ಜನರನ್ನು ಅವರವರ ಕುರ್ಚಿಗೆ ಕಳಿಸುವ ಕೆಲಸ. ಕಪ್ಪು ಪ್ಯಾಂಟು, ಕೆಂಪು ಅಂಗಿ, ಎದೆಯ ಮೇಲೆ ಹೆಸರಿನ ಬಿಲ್ಲೆ. ದೀಪಾವಳಿಗೆ ಬಂದಾಗ, "ಅಜ್ಜಿ, ನೀನೂ ಇದ ಕೆಲಸಾ ಮಾಡತಿದ್ದೆಂತ. ಆವಾಗ ಹೆಂಗಿರತಿತ್ತು?" ಎಂದು ಕೇಳಿದಳು. ನಾನು ಹೇಳಲು ಶುರು ಮಾಡುವಷ್ಟರಲ್ಲಿ ಗೆಳತಿಯರು ಕರೆದರು, ಎದ್ದು ಹೋದಳು. ನಾನು ಏಳನೆಯ ಇಯತ್ತೆಯವರೆಗೆ ಓದಿದವಳು, ಕೈ ಇನ್ನೂ ನಡುಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಓದುವುದು ಬಿಡುವುದು ಅವಳಿಗೆ ಬಿಟ್ಟದ್ದು.

ಚಿಕ್ಕೋಡಿಯ ನಮ್ಮ ಟಾಕೀಜಿಗೆ ಆಗ ಎರಡು ಬಾಗಿಲು. ಗಂಡಸರದು ರಸ್ತೆಯ ಕಡೆ, ಹೆಂಗಸರದು ಪಕ್ಕದ ಓಣಿಯ ಕಡೆ. ಒಳಗೆ ಎರಡು ಕಡೆಯವರ ನಡುವೆ ಎದೆಮಟ್ಟದ ಗೋಡೆ. ನನ್ನ ಗಂಡ ಅಲ್ಲಿ ಟಿಕೆಟ್ ಕೊಡುವ ಕಿಟಕಿಯಲ್ಲಿ ಕೂಡುತ್ತಿದ್ದರು. ಎಂಬತ್ತರ ದಶಕ ಶುರುವಾದ ಹೊಸದರಲ್ಲಿ ಕಾಮಣಿ ಬಂದು ತೀರಿಕೊಂಡರು. ಮಕ್ಕಳಿರಲಿಲ್ಲ. ಟಾಕೀಜಿನ ಸಾವ್ಕಾರರು ಕರೆಸಿ, "ಹೆಣ್ಣಮಕ್ಕಳ ಬಾಗಲಾ ಕಾಯಾಕ ಒಬ್ಬ ಹೆಣ್ಣಮಗಳು ಬೇಕಾಗ್ಯಾಳ. ನಾಳಿಂದ ಬಾ" ಎಂದರು. ಕೈಗೊಂದು ಬ್ಯಾಟರಿ ಕೊಟ್ಟರು. ಅಷ್ಟೇ ನನ್ನ ನೇಮಕ.

ಮೊದಲನೆಯ ದಿನವೇ ತಪ್ಪಾಯಿತು. ಹಾಡು ಶುರುವಾಯಿತೆಂದು ತೆರೆಯ ಕಡೆ ತಿರುಗಿ ನಿಂತವಳು ನಿಂತೇಬಿಟ್ಟೆ. ಹೊರಗೆ ಬಿಸಿಲಲ್ಲಿ ಕೂಸುಗಳನ್ನು ಸೊಂಟಕ್ಕಿಟ್ಟುಕೊಂಡ ಹೆಂಗಸರು ಬಾಗಿಲು ಬಡಿಯುತ್ತಿದ್ದದ್ದು ಕೇಳಿಸಲೇ ಇಲ್ಲ. ಮ್ಯಾನೇಜರ್ ಬಾಪೂಸಾಹೇಬರು ಸುತ್ತು ಹಾಕಿ ಬಂದು ಬಾಗಿಲು ತೆಗೆದರು. ಸಿಟ್ಟು ಮಾಡಲಿಲ್ಲ, ಮೆಲ್ಲಗೆ ಹೇಳಿದರು: "ಯಶೋದಕ್ಕ, ಪಿಚ್ಚರ್ ನೋಡಾಕ ನಾವು ಪಗಾರ ಕೊಡಂಗಿಲ್ಲ. ಪಿಚ್ಚರ್ ನೋಡವರನ್ನ ನೋಡಾಕ ಕೊಡತೇವಿ."

ಅಂದಿನಿಂದ ತೆರೆಗೆ ಬೆನ್ನು ಹಾಕಿ ನಿಲ್ಲುವುದನ್ನು ಕಲಿತೆ. ತೆರೆಯ ಬೆಳಕು ಹೆಂಗಸರ ಮುಖದ ಮೇಲೆ ಬಿದ್ದು ಬಿದ್ದು ಹೋಗುತ್ತಿತ್ತು. ನಾನು ಆ ಮುಖಗಳನ್ನು ನೋಡುತ್ತಿದ್ದೆ. ಮಾತು, ಹಾಡು, ಕುದುರೆಯ ಖುರಪುಟ ಎಲ್ಲ ಬೆನ್ನ ಹಿಂದೆ. ಒಂದು ಚಿತ್ರ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲವೆಂದು ಕೆಲವೇ ತಿಂಗಳಲ್ಲಿ ಗೊತ್ತಾಯಿತು. ಸೆರಗು ಬಾಯಿಗೆ ಹೋದರೆ ಚಿತ್ರ ಹಿಡಿದಿದೆ. ನಾಯಕ ಗೋಳಾಡುವ ಹೊತ್ತಿಗೆ ಗಂಟು ಬಿಚ್ಚಿ ಕೂಸಿಗೆ ಚುರುಮುರಿ ತಿನ್ನಿಸಲು ಕೂತರೆ ಕೆಟ್ಟಿದೆ. ಆ ಬೆಂಚಿನವಳು ಈ ಬೆಂಚಿನವಳಿಗೆ, "ನಿಮ್ಮ ಕಬ್ಬು ಕಾರ್ಖಾನಿಗೆ ಹೋತೇನ?" ಎಂದು ಕೇಳಿದಳೆಂದರೆ ಮುಗಿಯಿತು, ಆ ಚಿತ್ರ ಮುಂದಿನ ವಾರ ಕಾಣುವುದಿಲ್ಲ.

ಶುಕ್ರವಾರ ಹೊಸ ಚಿತ್ರ ಬಿದ್ದಾಗ ಮಧ್ಯಂತರದಲ್ಲಿ ಬಾಪೂಸಾಹೇಬರು ಬಂದು ಕೇಳುತ್ತಿದ್ದರು: "ನಿಮ್ಮ ಕಡೆ ಹೆಂಗೈತಿ?" ಗಂಡಸರ ಕಡೆಯ ಸೀಟಿಯನ್ನು ಅವರು ನಂಬುತ್ತಿರಲಿಲ್ಲ. ಗಂಡಸರು ಯಾವುದಕ್ಕಾದರೂ ಸೀಟಿ ಹೊಡೆಯುತ್ತಾರೆ, ಹೆಂಗಸರು ಬಂದರೆ ಮಾತ್ರ ಎರಡನೆಯ ವಾರ, ಎನ್ನುತ್ತಿದ್ದರು.

ದೇವರ ಚಿತ್ರ ಬಂದರೆ ಹೆಂಗಸರು ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ಒಳಗೆ ಬರುತ್ತಿದ್ದರು. ಬಿಡಬೇಡಿ ಎಂದರೆ ಕೇಳುತ್ತಿರಲಿಲ್ಲ. ಒಮ್ಮೆ ಆಟ ಬಿಟ್ಟಾಗ ಎಲ್ಲರ ಚಪ್ಪಲಿ ಅದಲುಬದಲಾಗಿ ಓಣಿಯ ತುಂಬ ಜಗಳ. ಒಳಗೆ ಈಗಷ್ಟೇ ದೇವಿಯನ್ನು ಕಂಡು ಕೈ ಮುಗಿದವರು ಹೊರಗೆ ಒಬ್ಬರ ತಲೆಗೂದಲು ಒಬ್ಬರು ಹಿಡಿದಿದ್ದರು. ಮರಾಠಿ ಚಿತ್ರ ಬಂದರೆ ಬೇರೆ ಸೊಗಸು. ನಿಪ್ಪಾಣಿ ಕಡೆಯಿಂದ ಮದುವೆಯಾಗಿ ಬಂದವರು ಮೊದಲು ನಗುತ್ತಿದ್ದರು. ಪಕ್ಕದವರು, "ಏನಂದ್ನ ಏನಂದ್ನ?" ಎಂದು ಕೇಳಿ, ತಿಳಿದುಕೊಂಡು, ಆಮೇಲೆ ನಗುತ್ತಿದ್ದರು. ಒಂದೇ ಮಾತಿಗೆ ಎರಡು ಸಲ ನಗು ಏಳುತ್ತಿತ್ತು. ಬೆನ್ನು ಹಾಕಿ ನಿಂತ ನನಗೆ ಎರಡನೆಯ ನಗುವಿನ ಹೊತ್ತಿಗೆ ನಗು ಬರುತ್ತಿತ್ತು.

ಒಂದು ದೊಡ್ಡ ತಪ್ಪೂ ಆಯಿತು. ಮಗನನ್ನು ಕಳೆದುಕೊಂಡ ತಾಯಿಯೊಬ್ಬಳ ಕಥೆಯ ಚಿತ್ರ. ಹೆಸರಾಂತ ನಟರು ಯಾರೂ ಇರಲಿಲ್ಲ, ಹಾಡೂ ಕಡಿಮೆ. ಹೆಂಗಸರು ಅಳಲಿಲ್ಲ, ಮಾತಾಡಲಿಲ್ಲ, ತಿನ್ನಲಿಲ್ಲ. ಕಲ್ಲಿನ ಹಾಗೆ ಕೂತು ಕಲ್ಲಿನ ಹಾಗೆ ಎದ್ದು ಹೋದರು. ನಾನು, "ಇದು ಓಡಂಗಿಲ್ರಿ" ಎಂದೆ. ಬಾಪೂಸಾಹೇಬರು ಸೋಮವಾರವೇ ಚಿತ್ರ ಎತ್ತಿಸಿದರು. ಅದೇ ರೀಲು ನಿಪ್ಪಾಣಿಗೆ ಹೋಯಿತು, ಅಲ್ಲಿ ತಂಬಾಕಿನ ಗೋದಾಮಿನ ಹೆಂಗಸರು ವಾರಗಟ್ಟಲೆ ಅದನ್ನು ಓಡಿಸಿದರು. ನಮ್ಮ ಚಿಕ್ಕೋಡಿಯವರೇ ಎರಡನೆಯ ಸಲ ನೋಡಲು ಬಸ್ಸು ಹತ್ತಿ ನಿಪ್ಪಾಣಿಗೆ ಹೋದರು. ಸಾವ್ಕಾರರು ಕೂಗಾಡಿದಾಗ ಬಾಪೂಸಾಹೇಬರು ನನ್ನ ಹೆಸರು ಎತ್ತಲಿಲ್ಲ. "ನನ್ನ ಅಂದಾಜ ತಪ್ಪೇತ್ರಿ" ಎಂದರು. ಆಮೇಲೆ ನನಗೆ ಹೇಳಿದ್ದು ಇಷ್ಟೇ: "ಸುಮ್ಮ ಕುಂತಿದ್ದಕ್ಕ ಬ್ಯಾರೆ ಅರ್ಥಾನೂ ಇರತೈತಿ, ಅಕ್ಕಾ." ನಿಜ. ಬೇಸರವಾಗಿ ಸುಮ್ಮನಾದವರು ಬಾಗಿಲ ಕಡೆ ನೋಡುತ್ತಾರೆ. ಎದೆಗೆ ತಾಗಿ ಸುಮ್ಮನಾದವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ನನಗೆ ಅದು ಗೊತ್ತಿರಬೇಕಿತ್ತು. ಗಂಡ ಹೋದ ಮೇಲೆ ನಾನೂ ಹಾಗೇ ಕೂತಿದ್ದೆ.

ನನ್ನ ಮಾತಿಗೆ ಬೆಲೆ ಬಂದದ್ದೇ ತೊಂದರೆಯಾಯಿತು. ಟಿಕೆಟ್ ತೆಗೆಯುವ ಮುಂಚೆ ಹೆಂಗಸರು ನನ್ನ ಹತ್ತಿರ ಬಂದು, "ಅಕ್ಕಾರ, ಹೆಂಗೈತ್ರಿ ಪಿಚ್ಚರ್?" ಎಂದು ಕೇಳತೊಡಗಿದರು. ಒಂದು ಕೆಟ್ಟ ಚಿತ್ರಕ್ಕೆ, "ಮನ್ಯಾಗ ಕೆಲಸಾ ಇದ್ರ ಮುಗಿಸಿಕೊಳ್ರಿ, ಮುಂದಿನ ವಾರ ಬರ್ರಿ" ಎಂದುಬಿಟ್ಟೆ. ಹತ್ತು ಹೆಂಗಸರು ಅಲ್ಲಿಂದಲೇ ತಿರುಗಿ ಹೋದರು. ಸಾವ್ಕಾರರು ಕರೆಸಿದರು. "ಬಾಗಲಾ ಕಾಯೂದು ನಿನ್ನ ಕೆಲಸ. ಪಿಚ್ಚರಿಗೆ ಮಾರ್ಕ್ಸ್ ಕೊಡೂದಲ್ಲ. ಇನ್ನಮ್ಯಾಲ ಎಲ್ಲಾ ಪಿಚ್ಚರೂ ಚೊಲೊ ಅದಾವು, ತಿಳೀತಿಲ್ಲೊ?" ಅಂದಿನಿಂದ ಯಾರು ಕೇಳಿದರೂ, "ಚೊಲೊ ಐತಿ" ಎನ್ನುತ್ತಿದ್ದೆ. ಹೆಂಗಸರು ನನ್ನ ಮಾತು ಬಿಟ್ಟು ದನಿ ಕೇಳುವುದನ್ನು ಕಲಿತರು.

ಇಷ್ಟೆಲ್ಲ ಇದ್ದರೂ ಚಿತ್ರದ ಬಗ್ಗೆ ಮಾತಾಡಲು ನನಗೊಬ್ಬರು ಇರಲಿಲ್ಲ. ಆಟ ಬಿಟ್ಟ ಮೇಲೆ ಹೆಂಗಸರು ಗುಂಪು ಗುಂಪಾಗಿ ಮಾತಾಡುತ್ತ ಓಣಿ ದಾಟುತ್ತಿದ್ದರು. ಆ ಮಾತು ತಿರುವಿನವರೆಗೆ ಕೇಳಿಸುತ್ತಿತ್ತು. ಅಲ್ಲಿಂದಾಚೆಗೆ ನಾನು ಬೆಂಚಿನ ಕೆಳಗೆ ಬಿದ್ದ ಸೇಂಗಾ ಸಿಪ್ಪೆ ಗುಡಿಸಬೇಕಿತ್ತು. ಮನೆಯಲ್ಲಿ ಒಂದು ಕೋಣೆ, ಒಂದು ಒಲೆ. ಕೆಲವು ದಿನ ಮನೆಗೆ ಹೋಗಿ ಗೋಡೆಗೆ, "ಆಕಿ ಆ ಹುಡುಗನ್ನ ಮದಿವಿ ಆಗಬಾರದಿತ್ತ ನೋಡು" ಎಂದು ಹೇಳಿದ್ದೂ ಉಂಟು.

ಸುನಂದಾ ಬಂದದ್ದು ಹೀಗಿರುವಾಗ.

ನಮ್ಮ ಕಡೆ ಹೆಂಗಸರು ಒಬ್ಬರೇ ಚಿತ್ರಕ್ಕೆ ಬರುವುದಿಲ್ಲ. ಈಕೆ ಒಬ್ಬಳೇ ಬಂದಳು. ಮೂವತ್ತರ ಆಸುಪಾಸು, ಇಳಕಲ್ ಸೀರೆ, ಕಂಕುಳಲ್ಲಿ ಕೋರ್ಟಿನ ಕಾಗದದ ಕಟ್ಟು. ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ ಕೂತಳು. ಕೂತು ನೋಡಿದ್ದಕ್ಕಿಂತ ಗೊಣಗಿದ್ದೇ ಹೆಚ್ಚು. ಮಧ್ಯಂತರದಲ್ಲಿ ನನಗೇ ಎಂಬಂತೆ ಹೇಳಿದಳು: "ಈ ಪಿಚ್ಚರ್ ಬರದಾವ್ನ ಮನ್ಯಾಗ ಹೆಣ್ಣಮಕ್ಕಳ ಇಲ್ಲ ಕಾಣಸ್ತೈತಿ. ಹಡದ ಮೂರನೇ ದಿನಕ್ಕ ಯಾರರ ಕುಣೀತಾರೇನ್ರಿ?"

ನಾನು ಜೋರಾಗಿ ನಕ್ಕೆ. ಬ್ಯಾಟರಿ ಕೈಯಿಂದ ಬಿತ್ತು.

ಚಿತ್ರ ಮುಗಿಯಲು ಇನ್ನೂ ಸಾಕಷ್ಟು ಇರುವಾಗಲೇ ಎದ್ದಳು. ಅಂಕಲಿಯ ಬಸ್ಸು ತಪ್ಪಿದರೆ ಅಣ್ಣ ಬಯ್ಯುತ್ತಾನೆ ಎಂದಳು. ಮುಂದಿನ ತಿಂಗಳು ಮತ್ತೆ ಬಂದಳು, ಬಂದವಳೇ, "ಆಮ್ಯಾಲ ಏನಾತ್ರಿ ಅದು?" ಎಂದು ಕೇಳಿದಳು. ನಾನು ಆ ಚಿತ್ರದ ಕೊನೆಯನ್ನು ನಿಂತಲ್ಲೇ ಹೇಳಿದೆ.

ಅವಳ ಕಥೆ ಸ್ವಲ್ಪ ಸ್ವಲ್ಪವಾಗಿ ತಿಳಿಯಿತು. ಗಂಡನ ಮನೆ ಕಾಗವಾಡದ ಹತ್ತಿರ, ಕಬ್ಬು ದ್ರಾಕ್ಷಿಯ ದೊಡ್ಡ ಹೊಲದವರು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ತಂದ. ಇವಳು ತವರುಮನೆ ಅಂಕಲಿಗೆ ಬಂದು ಚಿಕ್ಕೋಡಿ ಕೋರ್ಟಿನಲ್ಲಿ ಹೊಲದ ಪಾಲಿಗೂ ಜೀವನಾಂಶಕ್ಕೂ ಕೇಸು ಹಾಕಿದ್ದಳು. ಜೀವನಾಂಶಕ್ಕೆ ನಮ್ಮ ಕಡೆ ಪೋಟಗಿ ಎನ್ನುತ್ತಾರೆ. ಪ್ರತಿ ತಾರೀಖಿಗೂ ಬರುವುದು, ವಕೀಲರು ಬಾರದಿದ್ದರೆ, ಜಡ್ಜ್ ಸಾಹೇಬರು ರಜೆಯಲ್ಲಿದ್ದರೆ ಮುಂದಿನ ತಾರೀಖು ತೆಗೆದುಕೊಂಡು ಎದ್ದು ಬರುವುದು. ಸಂಜೆಯ ಬಸ್ಸಿನವರೆಗೆ ಒಬ್ಬಳೇ ಹೆಂಗಸು ಎಲ್ಲಿ ಕೂಡಬೇಕು? ಬಸ್ ಸ್ಟ್ಯಾಂಡಿನಲ್ಲಿ ಕೂತರೆ ನಾಲ್ಕು ಜನ ನೋಡುತ್ತಾರೆ. ಟಾಕೀಜಿನೊಳಗೆ ಕತ್ತಲು.

"ಇಲ್ಲಿ ಯಾರೂ ನನ್ನ ನೋಡಂಗಿಲ್ಲ. ಎಲ್ಲಾರೂ ಮುಂದ ನೋಡತಿರ್ತಾರ," ಎಂದಳು.

ನಾನು ನೋಡುತ್ತಿದ್ದೆ ಎಂದು ಹೇಳಲಿಲ್ಲ.

ವರ್ಷಗಟ್ಟಲೆ ಹೀಗೆ ನಡೆಯಿತು. ಅವಳ ತಾರೀಖು ನನಗೂ ಬಾಯಿಪಾಠ. ಅಂದು ಒಂದು ರೊಟ್ಟಿ ಹೆಚ್ಚು ಬಡಿಯುತ್ತಿದ್ದೆ. ಚಿತ್ರಗಳ ವಿಷಯದಲ್ಲಿ ಮಾತ್ರ ನಮ್ಮಿಬ್ಬರ ಅಭಿಪ್ರಾಯ ಒಮ್ಮೆಯೂ ಕೂಡಿಬರಲಿಲ್ಲ. ಗಂಡ ಹೆಂಡತಿ ದೂರವಾಗಿ ಕೊನೆಗೆ ಒಂದಾಗುವ ಚಿತ್ರ ನನಗೆ ಬಹಳ ಇಷ್ಟ. ಅವಳಿಗೆ ಅಂಥವು ಕಂಡರೆ ಆಗುತ್ತಿರಲಿಲ್ಲ.

"ಕಡೀಕ ಏನಾತು?"

"ಅವಗ ತಪ್ಪು ತಿಳೀತು. ಆಕೀನ ಕರಕೊಂಡ ಹೋದ."

"ಆಕಿ ಕಾಲಿಗಿ ಬಿದ್ಲೋ?"

"ಬಿದ್ಲು."

"ತಪ್ಪು ಅವಂದು, ಕಾಲಿಗಿ ಆಕಿ ಬೀಳೂದು! ನಿನಗ ಚೊಲೊ ಅನಸ್ತೇನ ಅಕ್ಕಾ ಅದು?"

"ಅನಸ್ತು ಬೇ. ಕರಕೊಂಡ ಹೋಗಾಕ ಅಂವ ಜೀವಂತ ಇದ್ನಲ್ಲ."

ಅವಳು, "ಖರೆ ಐತಿ, ನಿಂದ ಬ್ಯಾರೆ" ಎಂದಳು. ಆಮೇಲೆ ರೊಟ್ಟಿ ಮುರಿದು ಅರ್ಧ ನನ್ನ ಕೈಗಿಟ್ಟಳು.

ತೊಂಬತ್ತರ ದಶಕದ ಹೊಸ್ತಿಲಲ್ಲಿ ಇಬ್ಬರು ಹೆಂಡಿರ ಕಥೆಯ ಚಿತ್ರವೊಂದು ಬಂತು. ಹೆಂಗಸರ ಕಡೆ ನೆಲದ ಮೇಲೂ ಜಾಗವಿರಲಿಲ್ಲ. ರಾಯಬಾಗದಿಂದ ಟ್ರ್ಯಾಕ್ಟರ್ ಕಟ್ಟಿಕೊಂಡು ಬಂದರು. ಸುನಂದಾ ಬಂದದ್ದು ತಾರೀಖು ಇಲ್ಲದ ದಿನ, ಅಣ್ಣನ ಜೊತೆ. ಅಣ್ಣ ವಕೀಲರ ಮನೆಗೆ ಹೋಗಿದ್ದ. ಎರಡೂ ಕಡೆಯ ಹಿರಿಯರು ಕೂತು ರಾಜಿ ಮಾಡಿದ್ದರು. ಸುನಂದಾ ಗಂಡನ ಮನೆಗೆ ಮರಳಬೇಕು, ಹಿತ್ತಲ ಕಡೆ ಅವಳಿಗೊಂದು ಬೇರೆ ಕೋಣೆ ಕೊಡುತ್ತಾರೆ, ಕೇಸು ಹಿಂದೆ ತೆಗೆದುಕೊಳ್ಳಬೇಕು. ಮರುದಿನ ಸಹಿ.

ಅಂದು ಅವಳು ಕೊನೆಯವರೆಗೂ ಕೂತಳು. ಕೊನೆಯಲ್ಲಿ ದೊಡ್ಡ ಹೆಂಡತಿ ತನ್ನ ಕೈಯಾರೆ ಸವತಿಯ ಹಣೆಗೆ ಕುಂಕುಮ ಹಚ್ಚಿ, ಗಂಡನ ಪಕ್ಕ ಕೂರಿಸಿ, ತಾನು ಬಾಗಿಲಾಚೆ ನಿಂತು ನಗುತ್ತಾಳೆ. ಇಡೀ ಹೆಂಗಸರ ಕಡೆ ಒಂದೇ ಬಿಕ್ಕು. ನಾನೂ ಬಾಪೂಸಾಹೇಬರ ಮಾತು ಮರೆತು ತೆರೆಯ ಕಡೆ ತಿರುಗಿ ಅತ್ತೆ. ಸುನಂದಾಳ ಕಣ್ಣು ಒಣಗಿತ್ತು.

ಎಲ್ಲರೂ ಹೋದರು. ಅವಳು ಎದ್ದೇಳಲಿಲ್ಲ.

"ಯಾಕ ಅತ್ತಿ ಅಕ್ಕಾ?"

"ಎಲ್ಲಾ ಚೊಲೊ ಆತಲ್ಲ ಅಂತ."

"ಯಾರಿಗೆ ಚೊಲೊ ಆತು?"

ಕಸಬರಿಗೆ ಕೈಯಲ್ಲಿ ಹಿಡಿದು ನಿಂತೇ ಇದ್ದೆ.

"ನಾಳೆ ನನಗ ಸಹಿ ಮಾಡು ಅಂತಾರ. ಅಣ್ಣ ಅಂತಾನ, ಅತ್ತಿಗಿ ಅಂತಾಳ, ವಕೀಲರೂ ಅಂತಾರ. ನೀ ಏನ ಅಂತಿ?"

ನಾನು ಅವಳ ಪಕ್ಕ ಕೂತೆ. ಅಷ್ಟು ವರ್ಷದಲ್ಲಿ ಆ ಬೆಂಚಿನ ಮೇಲೆ ಕೂತದ್ದು ಅಂದೇ ಮೊದಲು. "ನನ್ನ ಮನಿ ನೋಡಿ ಹೇಳಂದ್ರ, ಹೋಗು ಅಂತೀನಿ. ಸಂಜೀಕ ಮನಿಗಿ ಹೋದ್ರ, ಯಾಕ ತಡಾ ಆತು ಅನ್ನವರು ಸೈತ ಇಲ್ಲ ನನಗ. ನಿನ್ನ ಮಾರಿ ನೋಡಿ ಹೇಳಂದ್ರ, ಬ್ಯಾಡ ಅಂತೀನಿ."

"ಎರಡರಾಗ ಯಾವದ ಹಿಡೀಲಿ?"

"ಮನಿ ನಂದು. ಮಾರಿ ನಿಂದು."

ಅವಳು ಸೆರಗು ಸರಿಮಾಡಿಕೊಂಡು ಎದ್ದಳು. ಓಣಿಯಲ್ಲಿ ಅಣ್ಣ ಕಾಯುತ್ತಿದ್ದ. ಅವನ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ನಡೆದುಹೋದಳು.

ಮರುದಿನ ಅವಳು ಸಹಿ ಮಾಡಲಿಲ್ಲ. ಅಣ್ಣ ಮಾತು ಬಿಟ್ಟ. ಕೇಸು ಮತ್ತೆ ತಾರೀಖಿನಿಂದ ತಾರೀಖಿಗೆ ಎಳೆಯಿತು. ಅವಳು ಬರುತ್ತಲೇ ಇದ್ದಳು. ಈಗ ಬಸ್ ಚಾರ್ಜಿಗೆ ಕಬ್ಬು ಕಡಿಯಲು ಹೋಗುತ್ತಿದ್ದಳು, ಅಂಗೈ ಗಟ್ಟಿಯಾಗಿತ್ತು. ಕೊನೆಗೊಂದು ದಿನ ಕೋರ್ಟಿನಿಂದ ಓಡುತ್ತ ಬಂದಳು. ಆಟ ನಡೆದಿತ್ತು. ಕತ್ತಲೆಯಲ್ಲಿ ನನ್ನ ಎರಡೂ ಕೈ ಹಿಡಿದು, "ಅಕ್ಕಾ, ಆತು. ಪೋಟಗೀನೂ ಆತು, ಹೊಲದಾಗ ಪಾಲೂ ಆತು" ಎಂದಳು. ಮುಂದಿನ ಬೆಂಚಿನವರು, "ಹೊರಗ ಹೋಗಿ ಮಾತಾಡ್ರಿ" ಎಂದು ಗದರಿದರು. ಹೊರಗೆ ಹೋಗಿ ಮಾತಾಡಿದೆವು. ನಾನು ಬಹಳ ಸಂತೋಷಪಟ್ಟೆ. ಅವಳ ಬಸ್ಸು ಹೋದ ಮೇಲೆ ಗುಡಿಸುವಾಗ ಹೊಳೆಯಿತು, ಇನ್ನು ಅವಳಿಗೆ ತಾರೀಖು ಇಲ್ಲ.

"ಪಿಚ್ಚರ್ ನೋಡಾಕ ಬರತೇನಲ್ಲ" ಎಂದು ಹೇಳಿ ಹೋಗಿದ್ದಳು. ಬರಲಿಲ್ಲ. ಅದು ಅವಳ ತಪ್ಪಲ್ಲ. ಹೊಲ, ದನ, ಕೆಲಸ. ಹೊಸ ಚಿತ್ರ ಬಂದ ಶುಕ್ರವಾರ ನಾನು ಆ ಕೊನೆಯ ಬೆಂಚಿನ ಮೂಲೆಯನ್ನು ಸ್ವಲ್ಪ ಹೊತ್ತು ಯಾರಿಗೂ ಕೊಡುತ್ತಿರಲಿಲ್ಲ. ಆಮೇಲೆ ಕೊಡುತ್ತಿದ್ದೆ.

ಕೆಲಸವೂ ಬದಲಾಗುತ್ತಿತ್ತು. ಭಾನುವಾರ ಸಂಜೆ ಟಿವಿಯಲ್ಲಿ ಚಿತ್ರ ಬರತೊಡಗಿದ ಮೇಲೆ ಹೆಂಗಸರ ಕಡೆ ಅರ್ಧ ಖಾಲಿ. ಆಮೇಲೆ ಮನೆ ಮನೆಗೆ ಕೇಬಲ್ ವೈರು ಬಂತು. ಬಂದ ಹುಡುಗಿಯರೂ ಗಂಡನ ಜೊತೆ ಒಂದೇ ಕಡೆ ಕೂಡುತ್ತೇವೆ ಎಂದರು. ಅವರದೇನೂ ತಪ್ಪಿಲ್ಲ, ಜೊತೆಯವರ ಪಕ್ಕ ಕೂತು ನೋಡುವುದು ಒಳ್ಳೆಯದೇ. ಬಾಪೂಸಾಹೇಬರು ನಿವೃತ್ತರಾಗಿ ಅಥಣಿಗೆ, ಮಗನ ಮನೆಗೆ ಹೋದರು. ಹೊಸ ಮ್ಯಾನೇಜರ್ ಮಧ್ಯಂತರದಲ್ಲಿ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಸಾವ್ಕಾರರ ಮಗ ನಡುವಿನ ಗೋಡೆ ಒಡೆಸಿದ. ಒಡೆಯುವ ವಾರ ಟಾಕೀಜು ಬಂದ್. ನನಗೆ ರಜೆ. ಆ ರಜೆಯಲ್ಲಿ ಏನು ಮಾಡಬೇಕೆಂದು ತಿಳಿಯದೆ ಎರಡು ದಿನ ಮನೆಯಲ್ಲಿ ಕೂತೆ. ಮೂರನೆಯ ದಿನ ಅಂಕಲಿಯ ಬಸ್ಸು ಹತ್ತಿದೆ.

ಸುನಂದಾಳ ಮನೆ ಕೇಳುತ್ತ ಹೋದೆ. ಊರ ಹೊರಗೆ, ಹೊಳೆಯ ಕಡೆಯ ದಾರಿಯಲ್ಲಿ, ಪಾಲಿನ ಹೊಲ ಮಾರಿ ಇಲ್ಲೇ ಹೊಲ ಕೊಂಡು ಕಟ್ಟಿಕೊಂಡ ಹಂಚಿನ ಮನೆ. ದೂರದಿಂದಲೇ ಜಗಳ ಕೇಳಿಸಿತು. ಸುನಂದಾ ಎಮ್ಮೆಯ ಕೊರಳ ಹಗ್ಗ ಹಿಡಿದು ಬಯ್ಯುತ್ತಿದ್ದಳು. ಎದುರಿಗೆ ಅವಳಿಗಿಂತ ಚಿಕ್ಕ ಹೆಂಗಸೊಬ್ಬಳು, ಹಣೆಯ ಮೇಲೆ ಕುಂಕುಮವಿಲ್ಲದವಳು, ಹಿಂಡಿಯ ಬುಟ್ಟಿ ಹಿಡಿದು ಎದುರುತ್ತರ ಕೊಡುತ್ತಿದ್ದಳು. ಸುನಂದಾ ನನ್ನನ್ನು ಕಂಡು ಹಗ್ಗ ಬಿಟ್ಟು ಓಡಿಬಂದಳು. ಕೂದಲು ಬೆಳ್ಳಗಾಗಿತ್ತು. ಹಣೆ ಅವಳದೂ ಬರಿದಾಗಿತ್ತು.

ನನ್ನನ್ನು ಒಳಗೆ ಕೂರಿಸಿ ಅವಳು ಅಲ್ಲೇ ಒಲೆಯ ಮೇಲೆ ಚಹಾಕ್ಕಿಡುವಾಗ ನಾನು ಮೆಲ್ಲಗೆ ಕೇಳಿದೆ: "ಆಕಿ ಯಾರ?"

"ಮಂಗಲಾ. ನನ್ನ ಸವತಿ."

ಗಂಡ ಎದೆನೋವಿನಿಂದ ಸತ್ತಿದ್ದ. ಮಂಗಲಾಳಿಗೂ ಮಕ್ಕಳಾಗಿರಲಿಲ್ಲ. ಮೈದುನರು ಹೊಲ ತಮ್ಮದೆಂದು ಅವಳನ್ನು ಹೊರಗೆ ಹಾಕಿದ್ದರು. ತವರಿನಲ್ಲಿ ತಾಯಿತಂದೆ ಇರಲಿಲ್ಲ. ಒಂದು ಮಧ್ಯಾಹ್ನ ಟ್ರಂಕು ಹೊತ್ತುಕೊಂಡು ಬಂದು ಸುನಂದಾಳ ಬಾಗಿಲ ಮುಂದೆ ನಿಂತಿದ್ದಳಂತೆ.

"ನೀ ಏನಂದಿ?"

"ಏನ ಅನ್ನೂದು? ಬಿಸಲಾಗ ನಿಂತಿದ್ಲು. ಒಳಗ ಬಾ ಅಂದ್ನಿ."

ನನ್ನ ಕಣ್ಣು ತುಂಬಿತು. ಅವಳು ನೋಡಿದವಳೇ ಬೆರಳು ಎತ್ತಿದಳು. "ಅಳಬ್ಯಾಡ ಅಕ್ಕಾ. ಇದು ಆ ಪಿಚ್ಚರ್ನಾಗಿನಂಗ ಅಲ್ಲ. ಅಕ್ಕ-ತಂಗಿ ಹಂಗ ಏನಿಲ್ಲ ನಾವು. ದಿನಾ ಜಗಳ ಆಡತೀವಿ."

"ಆಕಿ ಜಗಳಾ ತಗೀತಾಳ, ನಾನಲ್ರಿ," ಎಂದು ಹೊರಗಿನಿಂದ ಮಂಗಲಾ ಕೂಗಿದಳು.

ಇಬ್ಬರೂ ಸೇರಿ ಜುಣಕ, ರೊಟ್ಟಿ ಮಾಡಿ ಬಡಿಸಿದರು. ಉಪ್ಪು ಹೆಚ್ಚಾಯಿತೆಂದು ಒಬ್ಬಳು, ಇಲ್ಲವೆಂದು ಒಬ್ಬಳು. ನಾನು ಸರಿಯಾಗಿದೆ ಎಂದರೆ ಇಬ್ಬರೂ ಒಪ್ಪಲಿಲ್ಲ. ಈಗ ಯಾವ ಚಿತ್ರ ನೋಡುತ್ತೀರಿ ಎಂದು ಕೇಳಿದೆ. ಟಿವಿ ಇದೆ, ಮಂಗಲಾ ನೋಡುತ್ತಾಳೆ, ತನಗೆ ಹತ್ತು ನಿಮಿಷಕ್ಕೆ ನಿದ್ದೆ ಬರುತ್ತದೆ ಎಂದಳು ಸುನಂದಾ.

"ಇವತ್ತ ಇರು ಅಕ್ಕಾ. ನಾಕ ದಿನಾ ಇರು. ನಿನಗ್ಯಾರ ಅದಾರ ಅಲ್ಲಿ?"

ಅವಳು ಪ್ರೀತಿಯಿಂದಲೇ ಕೇಳಿದ್ದು. ಆದರೆ ಆ ಪ್ರಶ್ನೆಗೆ ಉತ್ತರ ಹುಡುಕುವುದು ಬೇಡವೆನಿಸಿ, "ಡ್ಯೂಟಿ ಐತಿ" ಎಂದುಬಿಟ್ಟೆ. ಟಾಕೀಜಿನಲ್ಲಿ ಆ ವಾರ ಕಲ್ಲು ಮಣ್ಣು ಬಿಟ್ಟರೆ ಏನೂ ಇರಲಿಲ್ಲ. ಇರಬಹುದಿತ್ತು. ಆ ಮನೆಯಲ್ಲಿ ಮೂರನೆಯವಳಿಗೆ ಜಾಗವಿತ್ತು, ಅವರು ಮನಸ್ಸಿನಿಂದಲೇ ಕರೆದಿದ್ದರು. ಯಾಕೆ ಉಳಿಯಲಿಲ್ಲವೆಂದು ಆಮೇಲೆ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಅಷ್ಟು ವರ್ಷ ಜನರ ಪಕ್ಕದಲ್ಲಿ ನಿಂತು ನಿಂತು, ನಡುವೆ ಕೂಡುವುದು ನನಗೆ ಮರೆತುಹೋಗಿತ್ತೋ ಏನೋ.

ಇಬ್ಬರೂ ಬಸ್ಸಿನವರೆಗೆ ಬಂದರು. ದಾರಿಯಲ್ಲಿ ಮತ್ತೆ ಶುರುವಾಯಿತು. ಬಸ್ಸು ಪಂಚಾಯ್ತಿ ಕಟ್ಟೆಯ ಹತ್ತಿರ ನಿಲ್ಲುತ್ತದೆ ಎಂದು ಮಂಗಲಾ, ಅಲ್ಲಿ ನಿಲ್ಲುವುದು ಬಿಟ್ಟು ವರ್ಷವಾಯಿತು, ಈಗ ಕ್ರಾಸಿಗೇ ಹೋಗಬೇಕು ಎಂದು ಸುನಂದಾ. ಬಸ್ಸು ಎರಡೂ ಬಿಟ್ಟು ನಡುವೆ, ಒಂದು ಬೇವಿನ ಗಿಡದ ಹತ್ತಿರ ನಿಂತಿತು. ನಾನು ಹತ್ತಿ ಕಿಟಕಿಯ ಪಕ್ಕ ಕೂತೆ. ಬಸ್ಸು ಹೊರಟಾಗ ತಿರುಗಿ ನೋಡಿದೆ. ರಸ್ತೆಯ ಅಂಚಿನಲ್ಲಿ ಸುನಂದಾ ಕ್ರಾಸಿನ ಕಡೆ ಕೈ ತೋರಿಸುತ್ತಿದ್ದಳು, ಮಂಗಲಾ ಕಟ್ಟೆಯ ಕಡೆ ಕೈ ತೋರಿಸುತ್ತಿದ್ದಳು. ನನ್ನ ಕಡೆ ಕೈ ಬೀಸುವುದನ್ನು ಇಬ್ಬರೂ ಮರೆತಿದ್ದರು.